ನಾಲ್ಕನೇ ವಾಲ್ವ್ ತೆರೆದಿದೆಯೇ? ಒಂದು ಬಿಟ್ಟನ್ನು ಕೇಳುವ ಬಗೆ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಿಗೆ ಮಳೆ ಬಿಟ್ಟ ಮೇಲೆ ಮುಂದಿನ ಮಳೆ ಹಿಡಿಯುವವರೆಗೆ ನೀರು ಬಿಡುತ್ತಲೇ ಇರಬೇಕು. ಒಂದು ಪಂಪಿಗೆ ಇಡೀ ತೋಟದ ಸ್ಪ್ರಿಂಕ್ಲರುಗಳನ್ನು ಒಟ್ಟಿಗೆ ಓಡಿಸುವ ತಾಕತ್ತು ಇರುವುದಿಲ್ಲ. ಆದ್ದರಿಂದ ತೋಟವನ್ನು ಭಾಗ ಮಾಡಿ, ಭಾಗಕ್ಕೊಂದು ವಾಲ್ವ್ ಇಟ್ಟು, ಸರದಿಯಲ್ಲಿ ತೆರೆಯುತ್ತಾರೆ. ಈ ಕೆಲಸವನ್ನು ಆರ್ಡುಯಿನೊದಂಥ ಪುಟ್ಟ ಬೋರ್ಡಿಗೂ ಎಂಟು ರಿಲೇಗಳ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳ) ಒಂದು ಮಾಡ್ಯೂಲಿಗೂ ಒಪ್ಪಿಸಿದರೆ, ಎಂಟು ವಾಲ್ವ್‌ಗಳ ಸ್ಥಿತಿ ಒಂದೇ ಬೈಟಿನಲ್ಲಿ ಹಿಡಿಯುತ್ತದೆ. ಬೈಟ್ ಎಂದರೆ ಎಂಟು ಬಿಟ್. ವಾಲ್ವ್ ತೆರೆದಿದ್ದರೆ ಅದರ ಬಿಟ್ 1, ಮುಚ್ಚಿದ್ದರೆ 0.

ಈಗ ಆ ಬೈಟ್ 00101100 ಎಂದಿದೆ ಎನ್ನಿ. ಬಲದಿಂದ ಎಡಕ್ಕೆ ಬಿಟ್ಟುಗಳ ಬೆಲೆ 1, 2, 4, 8, 16, 32, 64, 128. ಒಂದು ಇರುವ ಕಡೆಯ ಬೆಲೆಗಳು 4, 8, 32, ಕೂಡಿದರೆ 44. ಪೈಪಿನ ಮೇಲೆ ಬಣ್ಣದಲ್ಲಿ ಬರೆದ ವಾಲ್ವ್ ನಂಬರು 1ರಿಂದ ಶುರು, ಬಿಟ್ಟಿನ ನಂಬರು 0ಯಿಂದ ಶುರು. ಹಾಗಾಗಿ ನಾಲ್ಕನೇ ವಾಲ್ವ್ ಎಂದರೆ ಬಿಟ್ 3, ಬೆಲೆ 8. ಈ ಒಂದರ ವ್ಯತ್ಯಾಸವನ್ನು ಪ್ರೋಗ್ರಾಮಿನ ಒಂದೇ ಜಾಗದಲ್ಲಿ ಕಳೆದುಬಿಡಬೇಕು. ಹತ್ತು ಕಡೆ ಕಳೆಯಲು ಹೋದರೆ ಹನ್ನೊಂದನೆಯ ಕಡೆ ಮರೆತು, ಪಕ್ಕದ ವಾಲ್ವ್ ತೆರೆದುಕೊಳ್ಳುತ್ತದೆ.

44ರಲ್ಲಿ ಬಿಟ್ 3 ಮಾತ್ರ ನೋಡಬೇಕು, ಉಳಿದ ಏಳು ಕಣ್ಣಿಗೆ ಬೀಳಬಾರದು. ಗೋಣಿಚೀಲದ ಮೇಲೆ ಗುರುತು ಹೊಡೆಯುವ ತೂತಿನ ತಗಡನ್ನು ನೆನೆಯಿರಿ: ತೂತಿದ್ದಲ್ಲಿ ಮಾತ್ರ ಬಣ್ಣ ದಾಟುತ್ತದೆ. ಇಲ್ಲಿ ಆ ತಗಡಿನ ಹೆಸರು ಮಾಸ್ಕ್. 00001000 ಎಂಬ ಮಾಸ್ಕಿನಲ್ಲಿ ಒಂದೇ ತೂತು. ಆಂಡ್ ಕ್ರಿಯೆ, ಅಂದರೆ & ಚಿಹ್ನೆ, ಎರಡು ಸಂಖ್ಯೆಗಳನ್ನು ಬಿಟ್ಟಿಗೆ ಬಿಟ್ ಹೋಲಿಸಿ, ಎರಡರಲ್ಲೂ 1 ಇದ್ದಲ್ಲಿ ಮಾತ್ರ 1 ಬಿಡುತ್ತದೆ. 44 & 8 ಮಾಡಿದರೆ 8 ಬರುತ್ತದೆ: ನಾಲ್ಕನೇ ವಾಲ್ವ್ ತೆರೆದಿದೆ. 44 & 16 ಮಾಡಿದರೆ 0: ಐದನೆಯದು ಮುಚ್ಚಿದೆ.

ಬಂದ ಉತ್ತರವನ್ನು ಗಮನಿಸಿ. ಅದು 8, 1 ಅಲ್ಲ. ಒಂದೇ ತೂತಿನ ಮಾಸ್ಕ್ ಹಾಕಿದಾಗ ಬರುವುದು ಒಂದೋ ಸೊನ್ನೆ, ಇಲ್ಲವೇ ಮಾಸ್ಕಿನದೇ ಬೆಲೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. (ಸ್ಥಿತಿ & 8) == 1, ಅಂದರೆ 1ಕ್ಕೆ ಸಮವೇ, ಎಂದು ಬರೆದರೆ ಆ ಮಾತು ಎಂದೆಂದಿಗೂ ನಿಜವಾಗದು. 1ರ ಬದಲು ಟ್ರೂ (ನಿಜ) ಎಂದು ಬರೆದರೂ ಆರ್ಡುಯಿನೊದ ಭಾಷೆಯಾದ ಸಿ ಪ್ಲಸ್ ಪ್ಲಸ್‌ನಲ್ಲಿ ಅದೇ ಗತಿ, ಏಕೆಂದರೆ ಹೋಲಿಸುವಾಗ ಟ್ರೂ ಕೂಡ 1 ಆಗುತ್ತದೆ. ವಿಚಿತ್ರವೆಂದರೆ ಮೊದಲನೇ ವಾಲ್ವಿನ ಬೆಲೆಯೇ 1 ಆದ್ದರಿಂದ ಅದಕ್ಕೆ ಈ ತಪ್ಪು ಕೋಡ್ ಸರಿಯಾಗಿಯೇ ನಡೆಯುತ್ತದೆ. ಮೇಜಿನ ಮೇಲೆ ಒಂದೇ ವಾಲ್ವ್ ಜೋಡಿಸಿ ಪರೀಕ್ಷಿಸಿದವರಿಗೆ ದೋಷ ಗೊತ್ತಾಗುವುದು ತೋಟಕ್ಕೆ ಹೋದ ಮೇಲೆಯೇ. ಸರಿಯಾದ ರೂಪ (ಸ್ಥಿತಿ & 8) != 0, ಅಂದರೆ ಸೊನ್ನೆಯಲ್ಲವೇ ಎಂಬ ಪ್ರಶ್ನೆ. ಖಚಿತವಾಗಿ 0 ಅಥವಾ 1 ಬೇಕಿದ್ದರೆ ಮೊದಲು ಬಲಕ್ಕೆ ಸರಿಸಿ: (ಸ್ಥಿತಿ >> 3) & 1. 44 ಮೂರು ಮನೆ ಬಲಕ್ಕೆ ಸರಿದರೆ 5 ಆಗುತ್ತದೆ, 5 & 1 ಎಂದರೆ 1. ಆರ್ಡುಯಿನೊದ ಬಿಟ್‌ರೀಡ್ ಕೂಡ ಒಳಗೆ ಇದನ್ನೇ ಮಾಡುತ್ತದೆ.

ಮೇಲಿನ ಸಾಲುಗಳಲ್ಲಿ ಆವರಣ ಹಾಕಿದ್ದು ಅಂದಕ್ಕಲ್ಲ. ಸಿ ಭಾಷೆಯಲ್ಲಿ ಆವರಣವಿಲ್ಲದೆ ಸ್ಥಿತಿ & 8 == 8 ಎಂದು ಬರೆದರೆ, ಕಂಪೈಲರ್ ಮೊದಲು 8 == 8 ಎಂಬುದನ್ನು ಬಿಡಿಸುತ್ತದೆ. ಅದು ನಿಜ, ಅಂದರೆ 1. ಆಮೇಲೆ ಉಳಿಯುವುದು ಸ್ಥಿತಿ & 1. ನೀವು ಕೇಳಿದ್ದು ನಾಲ್ಕನೇ ವಾಲ್ವನ್ನು, ಉತ್ತರ ಬಂದದ್ದು ಒಂದನೆಯದರದು! ತೋಟದಲ್ಲಿ ಇದು ಕಾಣಿಸಿಕೊಳ್ಳುವ ರೀತಿ ಹೀಗೆ: ಒಂದನೇ ವಾಲ್ವ್ ತೆರೆದರೆ ನಾಲ್ಕರ ಸೂಚಕ ದೀಪವೂ ಹೊತ್ತುತ್ತದೆ, ನಾಲ್ಕನೆಯದನ್ನು ಮಾತ್ರ ತೆರೆದರೆ ಹೊತ್ತುವುದಿಲ್ಲ. ವಯರು ಅದಲುಬದಲಾಗಿದೆ ಎಂದು ಡಬ್ಬ ಬಿಚ್ಚಿ ನೋಡುವ ಮೊದಲು ಕೋಡಿನ ಆವರಣ ನೋಡಿ. ಸಿಯಲ್ಲಿ ಈ ವಿಪರೀತ ಉಳಿದುಕೊಂಡದ್ದಕ್ಕೆ ಕಾರಣವನ್ನು ಆ ಭಾಷೆಯ ಕರ್ತೃ ಡೆನ್ನಿಸ್ ರಿಚಿಯೇ ಕೊಟ್ಟಿದ್ದಾರೆ. ಹಿಂದಿನ ಬಿ ಭಾಷೆಯಲ್ಲಿ ಷರತ್ತುಗಳನ್ನು ಜೋಡಿಸುವುದಕ್ಕೂ & ಒಂದೇ ಇತ್ತು, && ಬಂದದ್ದು ಆಮೇಲೆ; ಆಗ & ಚಿಹ್ನೆಯ ಆದ್ಯತೆಯನ್ನು ಅವರು ಬದಲಿಸಲಿಲ್ಲ. ಪೈಥಾನ್‌ನಲ್ಲಿ & ಮೊದಲು ನಡೆಯುತ್ತದೆ, ಈ ತೊಂದರೆ ಇಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಸಿಯಂತೆಯೇ. ಕಂಪೈಲರಿನ ಎಚ್ಚರಿಕೆಗಳನ್ನು ಪೂರ್ತಿ ಆನ್ ಮಾಡಿಟ್ಟರೆ ಜಿಸಿಸಿ ಈ ಸಾಲನ್ನು ಹಿಡಿದು ತೋರಿಸುತ್ತದೆ, ಆನ್ ಮಾಡಿಡಿ. ಕೈತಪ್ಪಿ ಸ್ಥಿತಿ && 8 ಎಂದು ಬರೆಯುವುದೂ ಇದೆ. ಆಗ ಯಾವುದೇ ಒಂದು ವಾಲ್ವ್ ತೆರೆದಿದ್ದರೂ ಉತ್ತರ ಹೌದು.

ಒಂದಕ್ಕಿಂತ ಹೆಚ್ಚು ತೂತುಗಳ ಮಾಸ್ಕ್ ಹಿಡಿದಾಗ ಪ್ರಶ್ನೆಯನ್ನೇ ಸ್ಪಷ್ಟ ಮಾಡಿಕೊಳ್ಳಬೇಕಾಗುತ್ತದೆ. ಕೆಳಗಿನ ತೋಟದ ನಾಲ್ಕು ವಾಲ್ವ್‌ಗಳ ಮಾಸ್ಕ್ 00001111, ಅಂದರೆ 15. 44 & 15 ಎಂದರೆ 12. ಸೊನ್ನೆಯಲ್ಲ, ಆದ್ದರಿಂದ ಕೆಳಗಿನ ತೋಟದಲ್ಲಿ ಯಾವುದೋ ಒಂದಾದರೂ ತೆರೆದಿದೆ. 15ಕ್ಕೆ ಸಮವೂ ಅಲ್ಲ, ಆದ್ದರಿಂದ ಎಲ್ಲವೂ ತೆರೆದಿಲ್ಲ. ಯಾವುದಾದರೂ ಎಂದು ಕೇಳುವಾಗ ಸೊನ್ನೆಯೊಡನೆ ಹೋಲಿಸಬೇಕು, ಎಲ್ಲವೂ ಎಂದು ಕೇಳುವಾಗ ಮಾಸ್ಕಿನೊಡನೆ. ಎಲ್ಲ ವಾಲ್ವ್ ಮುಚ್ಚಿರುವಾಗ ಪಂಪು ಓಡಿದರೆ ಒತ್ತಡ ಏರಿ ಪೈಪಿನ ಜಾಯಿಂಟ್ ಹಾರಬಹುದು. ಹಾಗಾಗಿ ಪಂಪು ಚಾಲೂ ಮಾಡುವ ಮುನ್ನ ಯಾವುದಾದರೂ ತೆರೆದಿದೆಯೇ ಎಂಬ ಪರೀಕ್ಷೆ ಇರಲೇಬೇಕು. ಒಂದೇ ಒಂದು ತೆರೆದಿದೆಯೇ ಎಂದು ತಿಳಿಯಲು ಸೊಗಸಾದ ಉಪಾಯವಿದೆ: ಸ್ಥಿತಿ & (ಸ್ಥಿತಿ - 1) ಮಾಡಿದರೆ ಬಲತುದಿಯ 1 ಅಳಿಯುತ್ತದೆ. ಸ್ಥಿತಿ ಸೊನ್ನೆಯಲ್ಲದೆ, ಅಳಿದ ಮೇಲೆ ಸೊನ್ನೆ ಉಳಿದರೆ ತೆರೆದದ್ದು ಒಂದೇ. ಸೊನ್ನೆಯಾಗುವವರೆಗೆ ಅಳಿಸುತ್ತಾ ಎಣಿಸಿದರೆ ತೆರೆದ ವಾಲ್ವ್‌ಗಳ ಲೆಕ್ಕ ಸಿಗುತ್ತದೆ.

ಆದರೆ ಈ ಬಿಟ್ಟುಗಳು ಹೇಳುವುದು ನಾವು ಕೊಟ್ಟ ಆಜ್ಞೆಯನ್ನು, ವಾಲ್ವಿನ ಪರಿಸ್ಥಿತಿಯನ್ನಲ್ಲ. ಸೊಲೆನಾಯ್ಡ್ ವಾಲ್ವಿನ ಬಾಯಿಗೆ ಮಣ್ಣು ಸಿಕ್ಕಿಕೊಂಡರೂ ಬಿಟ್ 1 ಆಗಿಯೇ ಇರುತ್ತದೆ. ಪಂಪಿನ ಪೈಪಿಗೆ ಪ್ರೆಷರ್ ಸ್ವಿಚ್ ಬೇಕೇ ಬೇಕು.

ರಿಲೇ ಮಾಡ್ಯೂಲುಗಳಲ್ಲಿ ಹಲವು ತಿರುಗುಮುರುಗಾಗಿ ನಡೆಯುತ್ತವೆ. ಪಿನ್ನಿಗೆ 0 ಕೊಟ್ಟರೆ ರಿಲೇ ಎಳೆಯುತ್ತದೆ, 1 ಕೊಟ್ಟರೆ ಬಿಡುತ್ತದೆ. ಆಗ ಬೈಟನ್ನು ಮಗುಚಲು ~ ಚಿಹ್ನೆ ಬಳಸುತ್ತಾರೆ. ಇದರಲ್ಲೂ ಒಂದು ಗುಂಡಿಯಿದೆ. ಎಂಟು ಬಿಟ್ಟಿನ 255ನ್ನು ಮಗುಚಿದರೆ 0 ಬರಬೇಕಷ್ಟೆ? ಸಿಯಲ್ಲಿ ಬರುವುದು -256. ಲೆಕ್ಕಕ್ಕೆ ಮೊದಲೇ ಭಾಷೆ ಆ ಬೈಟನ್ನು ದೊಡ್ಡ ಪೂರ್ಣಾಂಕ ಮಾಡಿಕೊಳ್ಳುವುದರಿಂದ ಮೇಲಿನ ಬಿಟ್ಟುಗಳೂ ಮಗುಚಿಕೊಳ್ಳುತ್ತವೆ. ಸ್ಥಿತಿ ^ 255 ಎಂದು ಬರೆದರೆ ಕೆಳಗಿನ ಎಂಟು ಮಾತ್ರ ಮಗುಚುತ್ತವೆ. ವಾಲ್ವ್‌ಗಳು ಹದಿನಾರನ್ನು ದಾಟಿದಾಗ ಇನ್ನೊಂದು ತೊಡಕು: ಆರ್ಡುಯಿನೊ ಊನೊದಲ್ಲಿ ಸಾದಾ ಪೂರ್ಣಾಂಕಕ್ಕೆ ಹದಿನಾರೇ ಬಿಟ್. 1 << 16 ಎಂದು ಹದಿನಾರು ಮನೆ ಎಡಕ್ಕೆ ಸರಿಸಿದರೆ ಆ ಒಂದು ಅಂಚಿನಾಚೆ ಬಿದ್ದುಹೋಯಿತು. ಬಿಟ್ 15ನ್ನು ಕೂಡ ಹೀಗೆ ಕೇಳಬಾರದು, ಅದು ಋಣ ಚಿಹ್ನೆಯ ಜಾಗ. ಆ 1 ಅನ್ನೇ ಅನ್‌ಸೈನ್ಡ್ ಲಾಂಗ್ ಎಂದು ಗುರುತಿಸಿ ಸರಿಸಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಇದೇ ಕಥೆ ಬಿಟ್ 31ರಲ್ಲಿ: ಉತ್ತರ ಋಣವಾಗಿ ಬರುತ್ತದೆ, ಸೊನ್ನೆಗಿಂತ ದೊಡ್ಡದೇ ಎಂಬ ಪರೀಕ್ಷೆ ಸೋಲುತ್ತದೆ. ಸೊನ್ನೆಯಲ್ಲವೇ ಎಂದೇ ಕೇಳಿ.

ಇನ್ನು ಅಕ್ಷರಗಳ ಮಾತು. ಕಾಸರಗೋಡಿನಲ್ಲಿ ಹೆಸರುಪಟ್ಟಿಗಳು, ಬೋರ್ಡುಗಳು ಕನ್ನಡ, ಮಲಯಾಳಂ ಎರಡರಲ್ಲೂ ಇರುತ್ತವೆ. ಕಲಸಿಹೋದ ಪಟ್ಟಿಯಿಂದ ಕನ್ನಡದ ಸಾಲುಗಳನ್ನು ಆರಿಸಬೇಕಾದರೆ ಬಿಟ್ ಪರೀಕ್ಷೆ ಬಹಳ ಅನುಕೂಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಮನೆಗಳು, ಮಲಯಾಳಂಗೆ 3328ರಿಂದ 3455. ಭಾರತೀಯ ಲಿಪಿಗಳ ಈ ಜೋಡಣೆ ಇಸ್ಕಿ ಎಂಬ ನಮ್ಮ ದೇಶದ ಸಂಕೇತ ಪದ್ಧತಿಯಿಂದ ಬಂದದ್ದು. ಅದರಲ್ಲಿ ಎಲ್ಲ ಲಿಪಿಯ ಕಕಾರಕ್ಕೂ ಒಂದೇ ಸ್ಥಾನ. ಕನ್ನಡದ ಕ 3221, ಮಲಯಾಳಂನ ಕ 3349; ವ್ಯತ್ಯಾಸ ಸರಿಯಾಗಿ 128. ಬಿಟ್ಟುಗಳಲ್ಲಿ ಬರೆದರೆ ಮೊದಲನೆಯದು 110010010101, ಎರಡನೆಯದು 110100010101. ಬಲಗಡೆಯ ಏಳು ಬಿಟ್ ಎರಡರಲ್ಲೂ ಒಂದೇ; ಬೇರೆಯಿರುವುದು ಬಿಟ್ 7 ಮತ್ತು ಬಿಟ್ 8.

ಕನ್ನಡದ ಎಲ್ಲ ಅಕ್ಷರಗಳಲ್ಲೂ ಬಿಟ್ 7 ಎಂಬುದು 1, ಮಲಯಾಳಂನಲ್ಲಿ 0. ಹಾಗಾದರೆ & 128 ಒಂದೇ ಸಾಕಲ್ಲ ಎನಿಸಬಹುದು. ಸಾಲದು. ಎರಡು ಹೆಸರುಗಳ ನಡುವಿನ ಖಾಲಿ ಜಾಗದ ಸಂಖ್ಯೆ 32, ಅದರ ಬಿಟ್ 7 ಸೊನ್ನೆ. ಅದು ಮಲಯಾಳಂ ಲೆಕ್ಕಕ್ಕೆ ಹೋಗುತ್ತದೆ. ತಮಿಳಿನ ಮನೆಗಳು 2944ರಿಂದ 3071, ಅಲ್ಲಿ ಬಿಟ್ 7 ಒಂದು. ಅದು ಕನ್ನಡದ ಲೆಕ್ಕಕ್ಕೆ ಬರುತ್ತದೆ. ಒಂದು ಬಿಟ್ಟಲ್ಲ, ಬಿಟ್ 7 ಮತ್ತು ಅದರ ಮೇಲಿನ ಎಲ್ಲ ಬಿಟ್ಟುಗಳನ್ನೂ ಒಟ್ಟಾಗಿ ಕೇಳಬೇಕು: ಅಕ್ಷರ >> 7 == 25 ಆದರೆ ಕನ್ನಡ. 26 ಬಂದರೆ ಮಲಯಾಳಂ, 24 ತೆಲುಗು, 23 ತಮಿಳು, 18 ದೇವನಾಗರಿ. (ಸಿಯಲ್ಲೂ >> ಚಿಹ್ನೆ == ಗಿಂತ ಮೊದಲೇ ನಡೆಯುತ್ತದೆ, ಇಲ್ಲಿ ಆವರಣ ಬೇಕಿಲ್ಲ.) ಶ್ಲೋಕದ ಕೊನೆಗೆ ಹಾಕುವ ದಂಡ ಮಾತ್ರ 2404, ದೇವನಾಗರಿಯ ಮನೆಯಲ್ಲಿದೆ. ವಾಲ್ವ್‌ಗಳು ಎಂದು ಬರೆಯುವಾಗ ಗ ಅಕ್ಷರ ಒತ್ತಾಗದಂತೆ ತಡೆಯುವ ಕಾಣದ ಗುರುತು 8204, ಅದು ಯಾವ ಲಿಪಿಯದೂ ಅಲ್ಲ. ಸಾಲಿನ ಪ್ರತಿ ಗುರುತೂ ಕನ್ನಡವೇ ಇರಬೇಕು ಎಂದು ಹಟ ಹಿಡಿದರೆ ಅಪ್ಪಟ ಕನ್ನಡದ ಸಾಲು ಪಟ್ಟಿಯಿಂದ ಹೊರಬೀಳುತ್ತದೆ.

128 ಕೂಡಿಸಿ ಕನ್ನಡವನ್ನು ಮಲಯಾಳಂ ಮಾಡಿಬಿಡಬಹುದು ಎಂಬ ಆಸೆಯೂ ಹುಟ್ಟುತ್ತದೆ. ಲಿಪಿ ಬದಲಾಗುತ್ತದೆ, ಕಾಗುಣಿತ ಬದಲಾಗುವುದಿಲ್ಲ. ಕಾಸರಗೋಡು ಎಂಬುದರ ಕೊನೆಯ ಉಕಾರ ಹಾಗೆಯೇ ಉಳಿಯುತ್ತದೆ, ಮಲಯಾಳಂನವರು ಅಲ್ಲಿ ಚಂದ್ರಕ್ಕಲ ಎಂಬ ಅರೆ ಉಕಾರದ ಗುರುತು ಹಾಕುತ್ತಾರೆ.

ಫೈಲಿನಲ್ಲಿ ಈ ಸಂಖ್ಯೆಗಳು ಕೂರುವುದು ಯುಟಿಎಫ್ 8 ರೂಪದಲ್ಲಿ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಈ ಕ್ರಮದಲ್ಲಿ ಕನ್ನಡದ ಪ್ರತಿ ಗುರುತಿಗೂ ಮೂರು ಬೈಟ್. ಕ ಎಂದರೆ 11100000 10110010 10010101. ಮೊದಲ ಬೈಟ್ 1110ರಿಂದ, ಹಿಂಬಾಲಿಸುವ ಎರಡೂ 10ರಿಂದ ಶುರು. ಕಾಸರಗೋಡು ಎಂಬಲ್ಲಿ ಕ, ಾ, ಸ, ರ, ಗ, ೋ, ಡ, ು ಎಂದು ಎಂಟು ಗುರುತು, 24 ಬೈಟ್. ಇಪ್ಪತ್ತೇ ಬೈಟ್ ಹಿಡಿಯುವ ಕಾಲಮ್ಮಿಗೆ ಹಾಕಿದರೆ ಡ ನಡುವೆ ತುಂಡಾಗಿ ಪ್ರಶ್ನಾರ್ಥಕದ ಕಪ್ಪು ವಜ್ರ ಕಾಣಿಸುತ್ತದೆ. ತಡೆಯಲು, ಕತ್ತರಿಸುವ ಜಾಗದಿಂದ ಮುಂದೆ ಬರುವ ಬೈಟ್ ಹಿಂಬಾಲಕವೇ ಎಂದು ಕೇಳಿ: (ಬೈಟ್ & 192) == 128. (192 ಎಂದರೆ 11000000, ಎಡತುದಿಯ ಎರಡು ಬಿಟ್ಟುಗಳ ಮಾಸ್ಕ್; 128 ಎಂದರೆ 10000000.) ಹೌದಾದರೆ ಒಂದು ಹೆಜ್ಜೆ ಹಿಂದೆ ಬಂದು ಮತ್ತೆ ಕೇಳಿ. ಇಪ್ಪತ್ತರಿಂದ ಹದಿನೆಂಟಕ್ಕೆ ಬಂದರೆ ಕಾಸರಗೋ ಎಂದು ಶುದ್ಧವಾಗಿ ನಿಲ್ಲುತ್ತದೆ. & 128 ಮಾತ್ರ ಕೇಳಿದರೆ ಆಗದು; ಮೊದಲ ಬೈಟಿನಲ್ಲೂ ಆ ಬಿಟ್ ಇದೆ, ಹಿಂದೆ ಹೋಗುತ್ತಾ ಹೋಗುತ್ತಾ ಹೆಸರೇ ಅಳಿದುಹೋಗುತ್ತದೆ.

ಹದಿನೈದು ಬೈಟಿಗೆ ಕತ್ತರಿಸಿದರೆ ಈ ಪರೀಕ್ಷೆ ತಪ್ಪೇನೂ ಇಲ್ಲ ಎನ್ನುತ್ತದೆ, ಉಳಿಯುವುದು ಮಾತ್ರ ಕಾಸರಗ. ಗೋ ಎಂಬುದರ ಓಕಾರ ಕತ್ತರಿಯ ಆಚೆ ಉಳಿಯಿತು. ಕನ್ನಡ ಎಂಬುದನ್ನು ಒಂಬತ್ತಕ್ಕೆ ಕತ್ತರಿಸಿದರೆ ಕನ್ ಎಂದಾಗುತ್ತದೆ. ಇಲ್ಲಿಂದ ಮುಂದೆ ಮಾಸ್ಕ್ ನೆರವಿಗೆ ಬಾರದು. ಕನ್ನಡದ ಸ್ವರಚಿಹ್ನೆಗಳು 3262ರಲ್ಲಿ ಶುರುವಾಗುತ್ತವೆ, 3277ರಲ್ಲಿ ವ್ಯಂಜನವನ್ನು ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆ ಇದೆ. ಈ ಅಂಚುಗಳು ಎರಡರ ಘಾತಗಳ ಗೆರೆಯ ಮೇಲೆ ಬೀಳುವುದಿಲ್ಲ. ಆದ್ದರಿಂದ ಸಾದಾ ಹೋಲಿಕೆ ಮಾಡಬೇಕು: ಮುಂದಿನ ಗುರುತು ಈ ವ್ಯಾಪ್ತಿಯೊಳಗಿದ್ದರೆ, ಅಥವಾ ಉಳಿಸಿಕೊಂಡ ಕೊನೆಯ ಗುರುತು 3277 ಆಗಿದ್ದು ಮುಂದೆ ವ್ಯಂಜನ ಬರುತ್ತಿದ್ದರೆ, ಇನ್ನೂ ಮೂರು ಬೈಟ್ ಹಿಂದೆ ಸರಿದು ಮತ್ತೆ ನೋಡಬೇಕು.