ವೇಗವಾಗಿ ಎಸೆಯುವವಳೇ ಒಳ್ಳೆಯ ಪಿಚರ್ರಾ?

ಪ್ರಶ್ನೆ: ಅಮೆರಿಕದ ಕಾಲೇಜು ಸಾಫ್ಟ್‌ಬಾಲ್ ನೋಡಲು ಶುರು ಮಾಡಿದ್ದೇನೆ. ಸೀಸನ್ ಮುಗಿಯುವ ಹೊತ್ತಿಗೆ ಪ್ರತಿ ಕಾನ್ಫರೆನ್ಸ್‌ನಲ್ಲೂ ಒಬ್ಬಳನ್ನು 'ವರ್ಷದ ಪಿಚರ್' ಎಂದು ಆರಿಸುತ್ತಾರೆ. ಅದು ಹೇಗೆ ತೀರ್ಮಾನವಾಗುತ್ತದೆ? ಎಲ್ಲರಿಗಿಂತ ಜೋರಾಗಿ ಎಸೆದವಳಿಗೇ ಸಿಗುತ್ತದಾ?

ಉತ್ತರ: ಕೆಲವೊಮ್ಮೆ ಸಿಗುತ್ತದೆ. ಆದರೆ ಜೋರಾಗಿ ಎಸೆದಳು ಎಂಬ ಒಂದೇ ಕಾರಣಕ್ಕಲ್ಲ.

ಮೊದಲು ಕಾನ್ಫರೆನ್ಸ್ ಅಂದರೇನು ಅಂತ ಹೇಳಿಬಿಡುತ್ತೇನೆ. ಒಂದಷ್ಟು ವಿಶ್ವವಿದ್ಯಾಲಯಗಳು ಸೇರಿ ತಮ್ಮೊಳಗೇ ಆಡಿಕೊಳ್ಳುವ ಗುಂಪು ಅದು. ಎಸ್‌ಇಸಿ, ಬಿಗ್ 12, ಬಿಗ್ ಟೆನ್ ಇವೆಲ್ಲ ಹೀಗೆ. ಹೆಸರು ನೋಡಿ ಲೆಕ್ಕ ಹಾಕಬೇಡಿ, ಬಿಗ್ ಟೆನ್‌ನಲ್ಲಿ ಈಗ 18 ವಿಶ್ವವಿದ್ಯಾಲಯಗಳಿವೆ! ಎಸ್‌ಇಸಿಯಲ್ಲಿ ಪ್ರಶಸ್ತಿಗೆ ವೋಟು ಹಾಕುವವರು ಕೋಚ್‌ಗಳು. ತಮ್ಮ ತಂಡದ ಹುಡುಗಿಗೆ ಹಾಕುವಂತಿಲ್ಲ. ಅಂದರೆ ಯಾರ ಕೈಯಲ್ಲಿ ಏಟು ತಿಂದರೋ ಅವರಿಗೇ ಮೆಚ್ಚುಗೆ ಹೇಳಬೇಕು.

ಈಗ ವೇಗದ ವಿಷಯ. ಟೆನೆಸಿ ತಂಡದ ಕಾರ್ಲಿನ್ ಪಿಕೆನ್ಸ್ 2025ರ ಮಾರ್ಚ್‌ನಲ್ಲಿ ಆರ್ಕನ್ಸಾ ಎದುರು ಗಂಟೆಗೆ 78.2 ಮೈಲಿ ವೇಗದಲ್ಲಿ ಎಸೆದು ಮೋನಿಕಾ ಅಬಾಟ್ ಅವರ 77 ಮೈಲಿಯ ಹಳೆಯ ದಾಖಲೆ ಮುರಿದಳು. ಎರಡೇ ತಿಂಗಳಲ್ಲಿ, ನೆಬ್ರಾಸ್ಕಾ ಎದುರು, ಅದನ್ನೂ ದಾಟಿ 79.4 ಮುಟ್ಟಿದಳು. ನಮ್ಮ ಲೆಕ್ಕದಲ್ಲಿ ಗಂಟೆಗೆ ಸುಮಾರು 128 ಕಿಲೋಮೀಟರ್.

"128 ಅಂದ್ರೆ ಕ್ರಿಕೆಟ್‌ನಲ್ಲಿ ಮೀಡಿಯಂ ಪೇಸ್ ಅಲ್ವಾ?" ಅಂತ ನಿಮಗೆ ಅನ್ನಿಸಬಹುದು. ಆದರೆ ದೂರ ನೋಡಿ. ಕಾಲೇಜು ಸಾಫ್ಟ್‌ಬಾಲ್‌ನಲ್ಲಿ ಪಿಚರ್ ನಿಲ್ಲುವುದು ಬರೀ 43 ಅಡಿ ದೂರದಲ್ಲಿ. ಆ ವೇಗಕ್ಕೆ ಚೆಂಡು 0.37 ಸೆಕೆಂಡಿನಲ್ಲಿ ಬ್ಯಾಟರ್ ಮುಂದಿರುತ್ತದೆ. ಪಿಚರ್ ಒಂದು ದೊಡ್ಡ ಹೆಜ್ಜೆ ಮುಂದೆ ಹಾಕಿ ಬಿಡುವುದರಿಂದ ನಿಜವಾಗಿ ಸಿಗುವ ಸಮಯ ಇನ್ನೂ ಕಡಿಮೆ. ಕ್ರಿಕೆಟ್‌ನಲ್ಲಿ ಕ್ರೀಸ್‌ನಿಂದ ಕ್ರೀಸ್‌ಗೆ 58 ಅಡಿ. ಗಂಟೆಗೆ 140 ಕಿಲೋಮೀಟರ್ ವೇಗದ ಬೌಲರ್ ಎದುರು, ಚೆಂಡು ಪುಟಿದು ನಿಧಾನವಾಗುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 0.45 ಸೆಕೆಂಡ್ ಸಿಗುತ್ತದೆ. ಕೆಳಗಿಂದ ಕೈ ಬೀಸಿ ಎಸೆಯುವುದು ಅಂದರೆ ಮಕ್ಕಳಾಟ ಅಂದುಕೊಂಡವರು ಒಮ್ಮೆ ಬ್ಯಾಟರ್ ನಿಲ್ಲುವ ಆ ಪ್ಲೇಟ್ ಪಕ್ಕ ನಿಂತು ನೋಡಬೇಕು.

ಆದರೂ ವೇಗ ಒಂದನ್ನೇ ನಂಬಿದರೆ ಕೆಲಸ ಕೆಡುತ್ತದೆ. ಎಷ್ಟೇ ಜೋರಾಗಿದ್ದರೂ ಒಂದೇ ಎತ್ತರಕ್ಕೆ, ಒಂದೇ ಗತಿಯಲ್ಲಿ ಬಂದರೆ ಬ್ಯಾಟರ್ ಬೇಗ ಹೊಂದಿಕೊಳ್ಳುತ್ತಾಳೆ. ಅದಕ್ಕೇ ರೈಸ್‌ಬಾಲ್, ಕೊನೆಯಲ್ಲಿ ಕೆಳಗೆ ಇಳಿಯುವ ಡ್ರಾಪ್‌ಬಾಲ್, ಜೋರಾಗಿ ಬರುವಂತೆ ತೋರಿಸಿ ನಿಧಾನವಾಗಿ ಬರುವ ಚೇಂಜಪ್. ಇವುಗಳಲ್ಲಿ ರೈಸ್‌ಬಾಲ್ ತಮಾಷೆಯದು. ಹೆಸರು ಹೇಳುವಂತೆ ಅದು ಕೊನೆಯಲ್ಲಿ ಮೇಲಕ್ಕೆ ಹಾರುವುದಿಲ್ಲ. ಹಿಂದಕ್ಕೆ ತಿರುಗುವ ಸ್ಪಿನ್‌ನಿಂದಾಗಿ ಬೀಳಬೇಕಾದಷ್ಟು ಬೀಳುವುದಿಲ್ಲ, ಅಷ್ಟೆ. ಚೆಂಡು ಇಷ್ಟು ಇಳಿಯುತ್ತದೆ ಎಂದು ಕಣ್ಣು ಮೊದಲೇ ಲೆಕ್ಕ ಹಾಕಿರುತ್ತದೆ. ಬ್ಯಾಟು ಆ ಲೆಕ್ಕ ನಂಬಿ ಚೆಂಡಿನ ಕೆಳಗೆ ಹಾದುಹೋಗುತ್ತದೆ.

ಇದರಲ್ಲಿ ಪಳಗಿದವಳು ನಿಜಾರಿ ಕ್ಯಾನಡಿ. ಕಾನ್ಸಸ್ ರಾಜ್ಯದ ಟೊಪೀಕಾದ ಹುಡುಗಿ. ಸ್ಟ್ಯಾನ್‌ಫರ್ಡ್‌ನಲ್ಲಿ ಮೊದಲ ವರ್ಷವೇ, 2023ರಲ್ಲಿ, ಅವಳ ಇಆರ್‌ಎ 0.57. ಆ ವರ್ಷ ಇಡೀ ದೇಶದಲ್ಲಿ ಅದಕ್ಕಿಂತ ಕಡಿಮೆ ಯಾರದೂ ಇರಲಿಲ್ಲ.

ಇಆರ್‌ಎ ಅಂದರೆ, ಏಳು ಇನ್ನಿಂಗ್ಸ್‌ನ ಒಂದು ಪೂರ್ತಿ ಪಂದ್ಯಕ್ಕೆ ಪಿಚರ್ ತನ್ನ ತಪ್ಪಿನಿಂದ ಸರಾಸರಿ ಎಷ್ಟು ರನ್ ಕೊಟ್ಟಳು ಎಂಬ ಲೆಕ್ಕ. 'ತನ್ನ ತಪ್ಪಿನಿಂದ' ಅನ್ನುವುದು ಮುಖ್ಯ. ಕ್ರಿಕೆಟ್‌ನಲ್ಲಿ ಫೀಲ್ಡರ್ ಕಾಲ ಸಂದಿಯಲ್ಲಿ ಚೆಂಡು ಬಿಟ್ಟರೂ ನಾಲ್ಕು ರನ್ ಬೌಲರ್ ತಲೆಗೇ. ಇಲ್ಲಿ ಹಾಗಲ್ಲ. ಫೀಲ್ಡರ್ ಎಡವಟ್ಟಿನಿಂದ ಬಂದ ರನ್ ಇಆರ್‌ಎಗೆ ಸೇರುವುದಿಲ್ಲ. ನ್ಯಾಯವಾದ ಪದ್ಧತಿ ಅಂತ ನನ್ನ ಅಭಿಪ್ರಾಯ.

ಕ್ಯಾನಡಿ 2024ರಲ್ಲಿ ಟೆಕ್ಸಾಸ್ ಟೆಕ್‌ಗೆ ಹೋದಳು. ಒಂದು ವರ್ಷಕ್ಕೆ ಅವಳಿಗೆ ಸಿಕ್ಕ ಒಪ್ಪಂದ 10,50,024 ಡಾಲರ್. ಕೊನೆಯ ಆ 24 ಡಾಲರ್ ಯಾಕೆ ಗೊತ್ತಾ? ಅವಳ ಜೆರ್ಸಿ ನಂಬರ್ 24! 2025ರಲ್ಲಿ ತಂಡ ಬಿಗ್ 12 ಗೆದ್ದಿತು, ವರ್ಷದ ಪಿಚರ್ ಪಟ್ಟ ಅವಳಿಗೇ ಬಂತು. ಎಸ್‌ಇಸಿಯಲ್ಲಿ ಪಿಕೆನ್ಸ್‌ಗೆ ಸತತ ಎರಡನೇ ಸಲ. ಬಿಗ್ ಟೆನ್‌ನಲ್ಲಿ ನೆಬ್ರಾಸ್ಕಾದ ಜೋರ್ಡಿ ಬಾಲ್ ವರ್ಷದ ಪಿಚರ್ ಮಾತ್ರ ಅಲ್ಲ, ವರ್ಷದ ಆಟಗಾರ್ತಿಯೂ ಆದಳು. ಬ್ಯಾಟ್‌ನಲ್ಲೂ ಅವಳದು ಅಷ್ಟೇ ಜೋರು. ಹಿಂದಿನ ವರ್ಷ ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟು ಮಾಡಿಕೊಂಡು ಸೀಸನ್ ಪೂರ್ತಿ ಕೂತಿದ್ದವಳು!

ಇನ್ನು, ಸುಮ್ನೆ ಇಆರ್‌ಎ ಪಟ್ಟಿ ನೋಡಿ ಮೇಲಿನಿಂದ ಕೆಳಗೆ ಬರೆದುಬಿಟ್ಟರೆ ಸಾಲದಾ? ಸಾಲದು. ಫೆಬ್ರವರಿಯಲ್ಲಿ ದೊಡ್ಡ ತಂಡಗಳು ಸಣ್ಣಪುಟ್ಟ ತಂಡಗಳ ಎದುರೂ ಜಾಸ್ತಿ ಆಡುತ್ತವೆ. ಆಗ ಎಲ್ಲರ ಅಂಕಿಗಳೂ ಚೆಂದವೇ. ಕಾನ್ಫರೆನ್ಸ್ ಪಂದ್ಯಗಳು ಬರುವುದು ಮಾರ್ಚ್‌ನಿಂದ. ಎಸ್‌ಇಸಿಯಲ್ಲಿ ಒಂದು ತಂಡಕ್ಕೆ ಎಂಟು ಸರಣಿ, ಒಂದೊಂದರಲ್ಲಿ ಮೂರು ಪಂದ್ಯ. ಸಾಮಾನ್ಯವಾಗಿ ಮೂರು ದಿನ ಅದೇ ಊರು, ಅದೇ ಎದುರಾಳಿ. ಮೊದಲ ದಿನ ಎಸೆದ ಪಿಚರ್ ಮೂರನೇ ದಿನ ಮತ್ತೆ ಬಂದರೆ ಅವಳ ಕೈ ಸೋತಿರುತ್ತದೆ, ಬ್ಯಾಟರ್ ಕಣ್ಣು ಪಳಗಿರುತ್ತದೆ. ಮೊದಲ ದಿನ ಬೀಸಿ ಮೋಸ ಹೋದ ರೈಸ್‌ಬಾಲನ್ನು ಮೂರನೇ ದಿನ ಅವಳು ಬೀಸದೆ ಬಿಡುತ್ತಾಳೆ. ಆಗಲೂ ಔಟ್ ಮಾಡುವವಳನ್ನು ಕೋಚ್‌ಗಳು ಮರೆಯುವುದಿಲ್ಲ. ನಾನು ಒಬ್ಬ ಪಿಚರ್‌ನ ಅಂಕಿ ನೋಡುವಾಗ ಮೊದಲು ಹುಡುಕುವುದೂ ಕಾನ್ಫರೆನ್ಸ್ ಪಂದ್ಯಗಳ ಇಆರ್‌ಎಯನ್ನೇ. ಅದರ ಪಕ್ಕದಲ್ಲಿ, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಹಾಕಿ ಬ್ಯಾಟರ್‌ನ್ನು ಔಟ್ ಮಾಡುವುದು) ಎಷ್ಟು, ಪುಕ್ಕಟೆ ಕೊಟ್ಟ ವಾಕ್ (ನಾಲ್ಕು ಚೆಂಡು ಹೊರಗೆ ಹೋದರೆ ಬ್ಯಾಟರ್‌ಗೆ ಸಿಗುವ ಮೊದಲ ಬೇಸ್) ಎಷ್ಟು ಅಂತ.

ಈ ಮೂರನೇ ದಿನದ ಕಷ್ಟ ಎಷ್ಟು ದೊಡ್ಡದು ಅಂತ 2025ರ ಜೂನ್‌ನಲ್ಲಿ ಎಲ್ಲರೂ ನೋಡಿದರು. ಒಕ್ಲಹೋಮಾ ಸಿಟಿಯಲ್ಲಿ ಕಾಲೇಜು ವರ್ಲ್ಡ್ ಸೀರೀಸ್, ಅಂದರೆ ದೇಶದ ಚಾಂಪಿಯನ್ ತಂಡವನ್ನು ತೀರ್ಮಾನಿಸುವ ಟೂರ್ನಿಯ ಫೈನಲ್. ಮೂರು ಪಂದ್ಯಗಳ ಸರಣಿ, ಟೆಕ್ಸಾಸ್ ಟೆಕ್ ಎದುರು ಎಸ್‌ಇಸಿಯ ಟೆಕ್ಸಾಸ್. ಟೆಕ್ ಪರವಾಗಿ ಅಲ್ಲಿಯವರೆಗೆ ಆ ಟೂರ್ನಿಯ ಪ್ರತಿ ಇನ್ನಿಂಗ್ಸನ್ನೂ ಎಸೆದವಳು ಕ್ಯಾನಡಿ ಒಬ್ಬಳೇ. ಮೊದಲ ಪಂದ್ಯ 2–1ರಲ್ಲಿ ಹೋಯಿತು. ಅದೂ ಹೇಗೆ! ಟೆಕ್ಸಾಸ್ ಬ್ಯಾಟರ್ ರೀಸ್ ಆಟ್‌ವುಡ್‌ಗೆ ಬೇಕೆಂದೇ ವಾಕ್ ಕೊಡಲು ಕ್ಯಾನಡಿ ಚೆಂಡನ್ನು ಹೊರಗೆ ಎಸೆಯುತ್ತಿದ್ದಳು. ಒಂದು ಚೆಂಡು ಸಾಕಷ್ಟು ಹೊರಗೆ ಹೋಗಲಿಲ್ಲ. ಆಟ್‌ವುಡ್ ಕೈ ಚಾಚಿ ಹೊಡೆದಳು, ಎರಡು ರನ್ ಬಂದವು. ಎರಡನೇ ಪಂದ್ಯವನ್ನು ಟೆಕ್ 4–3ರಲ್ಲಿ ಗೆದ್ದಿತು. ಮೂರನೇ ಸಂಜೆ ಅದೇ ಬ್ಯಾಟರ್‌ಗಳು ಮೊದಲ ಇನ್ನಿಂಗ್ಸ್‌ನಲ್ಲೇ ಐದು ರನ್ ಬಾರಿಸಿದರು. ಕ್ಯಾನಡಿಯನ್ನು ಅಲ್ಲಿಗೇ ಹೊರಗೆ ಕರೆಸಿಕೊಂಡರು. 10–4, ಟೆಕ್ಸಾಸ್‌ಗೆ ಮೊದಲ ಕಿರೀಟ.

ಅಂದಹಾಗೆ, ಪಿಕೆನ್ಸ್‌ಳ ಟೆನೆಸಿಯನ್ನು ಸೆಮಿಫೈನಲ್‌ನಲ್ಲಿ ಮನೆಗೆ ಕಳಿಸಿದ್ದೂ ಇದೇ ಟೆಕ್ಸಾಸ್. ಟೂರ್ನಿಯ ಅತ್ಯುತ್ತಮ ಆಟಗಾರ್ತಿ ಎಂದು ಹೆಸರು ಬಂದದ್ದು ಟೆಕ್ಸಾಸ್ ಪಿಚರ್ ಟೀಗನ್ ಕೇವನ್‌ಗೆ. ವೇಗದ ದಾಖಲೆ ಅವಳದ್ದಲ್ಲ, ಅವಳ ಕಾನ್ಫರೆನ್ಸ್‌ನ ವರ್ಷದ ಪಿಚರ್ ಪಟ್ಟವೂ ಅವಳದ್ದಲ್ಲ. ಆದರೆ ಆ ಟೂರ್ನಿಯುದ್ದಕ್ಕೂ ಅವಳ ಇಆರ್‌ಎ ಪೂರ್ತಿ ಸೊನ್ನೆ.