ಆಡೋದು ಅವರು, ಸಂಕಟ ನಮಗೆ ಎಂತಕ್ಕೆ?

ಪ್ರಶ್ನೆ: ಆರ್‌ಸಿಬಿ ಸೋತ ದಿನ ನಮ್ಮನೆಯವರು ಸರಿಯಾಗಿ ಊಟ ಮಾಡುವುದಿಲ್ಲ, ಯಾರ ಹತ್ತಿರವೂ ಮಾತಿಲ್ಲ. ಈಗ ಮಗನೂ ಹಾಗೇ ಆಗಿದ್ದಾನೆ. ಆಡುವವರಿಗೆ ಗೆದ್ದರೂ ದುಡ್ಡು, ಸೋತರೂ ದುಡ್ಡು. ಇವರಿಗೆ ಎಂತಕ್ಕೆ ಇಷ್ಟು ಸಂಕಟ? ಇದು ಬರೀ ಹುಚ್ಚಾ?
(ಕುಮಟಾ ಕಡೆಯ ಓದುಗರೊಬ್ಬರು)

ಹುಚ್ಚಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಸಿರ್ಸಿಯಲ್ಲೂ, ಈ ಪ್ರಶ್ನೆ ಕೇಳದ ಮನೆ ಕಡಿಮೆ. ಕೇಳುವವರು ಹೆಚ್ಚಾಗಿ ಅಮ್ಮಂದಿರು, ಹೆಂಡತಿಯರು. ನಿಮ್ಮನೆಯವರಿಗೆ ಆಗುವ ಸಂಕಟ ನಾಟಕವಲ್ಲ, ಮೈಯಲ್ಲೇ ಆಗುವಂಥದ್ದು.

1994ರ ವಿಶ್ವಕಪ್ ಫುಟ್‌ಬಾಲ್ ಫೈನಲ್‌ನಲ್ಲಿ ಬ್ರೆಜಿಲ್ ಮತ್ತು ಇಟಲಿ ಆಡಿದವು. ಪೆನಾಲ್ಟಿಯಲ್ಲಿ ಬ್ರೆಜಿಲ್ ಗೆದ್ದಿತು. ಅಮೆರಿಕದ ಸಂಶೋಧಕರು ಆ ದಿನ ಟಿವಿ ಎದುರು ಕೂತಿದ್ದ ಎರಡೂ ಕಡೆಯ ಗಂಡಸರ ಎಂಜಲನ್ನು ಪಂದ್ಯದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಪರೀಕ್ಷೆ ಮಾಡಿದರು. ಬ್ರೆಜಿಲ್ ಕಡೆಯವರಲ್ಲಿ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಏರಿತ್ತು, ಇಟಲಿ ಕಡೆಯವರಲ್ಲಿ ಇಳಿದಿತ್ತು. ಇವರು ಯಾರೂ ಚೆಂಡು ಮುಟ್ಟಿದವರಲ್ಲ, ಬರೀ ನೋಡಿದವರು. ಆದರೂ ಗೆದ್ದವನ ಮೈಯಲ್ಲಿ ಏನಾಗಬೇಕೋ ಅದೇ ಆಯಿತು, ಸೋತವನ ಮೈಯಲ್ಲಿ ಏನಾಗಬೇಕೋ ಅದೇ ಆಯಿತು. 2006ರಲ್ಲಿ ಜರ್ಮನಿಯಲ್ಲಿ ವಿಶ್ವಕಪ್ ನಡೆದಾಗ ಮ್ಯೂನಿಕ್ ಸುತ್ತಮುತ್ತಲಿನ ವೈದ್ಯರು ಇನ್ನೊಂದು ಲೆಕ್ಕ ಇಟ್ಟರು. ಜರ್ಮನಿ ಆಡುವ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಬೇರೆ ದಿನಗಳಿಗಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಬಂದಿದ್ದವು. ಹಾಗಾಗಿ ಮೊದಲೇ ಹೃದಯದ ತೊಂದರೆ ಇರುವ ಅಜ್ಜನೋ ಅಪ್ಪನೋ ಮನೆಯಲ್ಲಿದ್ದರೆ, ಕೊನೆಯ ಓವರ್ ಹೊತ್ತಿಗೆ ಅವರ ಕಡೆ ಒಂದು ಕಣ್ಣಿರಲಿ.

ಸರಿ, ಮೈಗೆ ಹೀಗೆ ಆಗುತ್ತದೆ. ಆದರೆ ಬೇರೆಯವರ ಆಟವನ್ನು ಮೈ ತನ್ನದು ಎಂದುಕೊಳ್ಳುವುದು ಯಾಕೆ?

ಇದನ್ನು ನೋಡಬೇಕೆಂದರೆ ಟಿವಿಗಿಂತ ನಮ್ಮ ಊರಿನ ವಾಲಿಬಾಲ್ ಪಂದ್ಯವೇ ಒಳ್ಳೆಯದು. ಕೊಯ್ಲು ಮುಗಿದ ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ನಾಲ್ಕು ಕಂಬ ನಿಲ್ಲಿಸಿ ಲೈಟ್ ಕಟ್ಟಿ ನಡೆಯುವ ಹೊನಲು ಬೆಳಕಿನ ಪಂದ್ಯ. ಅಂಕೋಲಾ, ಹೊನ್ನಾವರ, ಕುಮಟಾ ಕಡೆಯವರಿಗೆ ನಾನು ವಿವರಿಸಬೇಕಾಗಿಲ್ಲ. ರಾತ್ರಿ ಊಟ ಮುಗಿಸಿ ಹೋದವರು ಬೆಳಗಿನ ಜಾವ ಫೈನಲ್ ಮುಗಿಯುವವರೆಗೂ ಕದಲುವುದಿಲ್ಲ. ಸರ್ವಿಸ್‌ಗೆ ನಿಂತವನು ಪಕ್ಕದ ಮನೆಯ ಹುಡುಗ, ಬೆಳಿಗ್ಗೆ ನಿಮ್ಮ ಅಂಗಡಿಗೆ ಹಾಲು ತಂದುಕೊಡುವವನು. ಅವನು ಹಾರಿ ಹೊಡೆಯುವಾಗ ಗೆರೆಯ ಹೊರಗೆ ನಿಂತವರ ಭುಜವೂ ತಂತಾನೇ ಅಲುಗುತ್ತದೆ. ಮೈಕಿನಲ್ಲಿ ಕಾಮೆಂಟ್ರಿ ಹೇಳುವವನು ಅವನ ಹೆಸರು ಕೂಗಿದರೆ ಅವನ ಅಮ್ಮನಿಗೆ ಎಷ್ಟು ಎದೆ ಬಡಿದುಕೊಳ್ಳುತ್ತದೋ!

ಸ್ಪೇನಿನಲ್ಲಿ ಸಾನ್ ಪೆದ್ರೊ ಮಾನ್ರಿಕೆ ಎಂಬ ಹಳ್ಳಿಯಿದೆ. ನಮ್ಮಲ್ಲಿ ದೇವರ ಎದುರು ಕೆಂಡ ಹಾಯುವ ಹಾಗೇ ಅಲ್ಲಿಯೂ ವರ್ಷಕ್ಕೊಮ್ಮೆ ಹಾಯುತ್ತಾರೆ. ಸಂಶೋಧಕರು ಕೆಂಡ ಹಾಯುವವರಿಗೂ ನೋಡುವವರಿಗೂ ಹೃದಯ ಬಡಿತ ಅಳೆಯುವ ಯಂತ್ರ ಕಟ್ಟಿದರು. ಹಾಯುವವನ ನೆಂಟರು, ಗೆಳೆಯರು ಸುಮ್ನೆ ನಿಂತು ನೋಡುತ್ತಿದ್ದರೂ ಅವರ ಎದೆಬಡಿತ ಅವನ ಬಡಿತದ ಜೊತೆಗೇ ಏರಿಳಿಯಿತು. ಯಾವ ಸಂಬಂಧವೂ ಇಲ್ಲದೆ ನೋಡಲು ಬಂದವರಲ್ಲಿ ಹಾಗೆ ಆಗಲಿಲ್ಲ. 2011ರಲ್ಲಿ ಪ್ರಕಟವಾದ ಈ ಅಧ್ಯಯನ ನಿಮ್ಮ ಪ್ರಶ್ನೆಯ ಅರ್ಧ ಭಾಗಕ್ಕೆ ಉತ್ತರ ಕೊಡುತ್ತದೆ. ಎದುರಿಗಿರುವವನು ನಮ್ಮವನಾದರೆ ಮಾತ್ರ ಮೈ ಓಗೊಡುತ್ತದೆ.

ಹಾಗಾದರೆ ಕೊಹ್ಲಿ ನಮಗೆ ಏನಾಗಬೇಕು?

ಊರಿನ ಪಂದ್ಯದಲ್ಲೇ ಇದಕ್ಕೂ ಉತ್ತರ ಇದೆ ಅಲ್ವಾ. ಎಷ್ಟೋ ತಂಡಗಳು ಹೊರಗಿನಿಂದ ಒಬ್ಬಿಬ್ಬರು ಒಳ್ಳೆಯ ಆಟಗಾರರನ್ನು ಕರೆಸುತ್ತವೆ. ಸಂಜೆ ಬಸ್ಸಿಳಿಯುವಾಗ ಅವನು ಯಾರೆಂದು ಒಬ್ಬರಿಗೂ ಗೊತ್ತಿರುವುದಿಲ್ಲ. ನಮ್ಮ ಊರಿನ ಜೆರ್ಸಿ ಹಾಕಿ ಎರಡು ಸ್ಮ್ಯಾಶ್ ಹೊಡೆದ ಮೇಲೆ ಅವನು ನಮ್ಮ ಹುಡುಗನೇ. ಮನುಷ್ಯ ತನ್ನವರನ್ನು ಮಾಡಿಕೊಳ್ಳುವುದು ಇಷ್ಟು ಬೇಗ. ಹೆನ್ರಿ ತಾಜ್ಫೆಲ್ ಎಂಬ ಮನಶ್ಶಾಸ್ತ್ರಜ್ಞರು 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲೆಯ ಹುಡುಗರನ್ನು ಎರಡು ಗುಂಪು ಮಾಡಿದರು. ಯಾವ ಚಿತ್ರಕಾರನ ಚಿತ್ರ ಇಷ್ಟ ಎನ್ನುವಂಥ ಸಣ್ಣ ನೆಪದ ಮೇಲೆ ಮಾಡಿದ ಗುಂಪು ಅದು. ತಾನು ಯಾವ ಗುಂಪು ಎನ್ನುವುದು ಬಿಟ್ಟರೆ, ಉಳಿದವರಲ್ಲಿ ಯಾರು ಯಾವ ಗುಂಪಿನಲ್ಲಿದ್ದಾರೆ ಎನ್ನುವುದೂ ಹುಡುಗರಿಗೆ ಗೊತ್ತಿರಲಿಲ್ಲ. ಆದರೂ ದುಡ್ಡು ಹಂಚಲು ಹೇಳಿದರೆ ತಮ್ಮ ಗುಂಪಿನ ಕಡೆಗೇ ವಾಲಿದರು. ಇಷ್ಟಕ್ಕೇ ಹೀಗಾದರೆ, ಒಂದೇ ಬಣ್ಣ, ಒಂದೇ ಹೆಸರು, 2008ರಿಂದ ಒಂದೇ ತಂಡದಲ್ಲಿ ಇರುವ ಒಂದೇ ಮುಖ ಎಷ್ಟು ಮಾಡೀತು, ನೀವೇ ಯೋಚಿಸಿ. ಕೊಹ್ಲಿ ದೆಹಲಿಯವರು. 2025ರಲ್ಲಿ ಕಪ್ ಎತ್ತಿದ ನಾಯಕ ರಜತ್ ಪಾಟೀದಾರ್ ಇಂದೋರಿನವರು. ನಮ್ಮ ಹುಡುಗರಿಗೆ ಅದು ಅಡ್ಡ ಬರಲಿಲ್ಲ, ಬರಬೇಕಾಗಿಯೂ ಇಲ್ಲ.

ಆದರೆ ಬರೀ ನಮ್ಮದು ಎನ್ನುವುದೇ ಸಾಲದು, ಮುಂದೆ ಏನಾಗುತ್ತದೋ ಗೊತ್ತಿಲ್ಲದಿರುವುದೂ ಬೇಕು. ಯಕ್ಷಗಾನದಲ್ಲಿ ಗದಾಯುದ್ಧ ನೋಡುವಾಗ ಬೆಳಗಿನ ಜಾವ ಕೌರವ ಬೀಳುತ್ತಾನೆ ಎಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಅಳುತ್ತೇವೆ. ಚಿಟ್ಟಾಣಿಯವರೋ ಕೆರೆಮನೆಯವರೋ ಎಂದು ಜಗಳಾಡಿದ ತಲೆಮಾರು ನಮ್ಮ ಜಿಲ್ಲೆಯದ್ದು. ಕ್ರಿಕೆಟ್, ವಾಲಿಬಾಲ್‌ನಲ್ಲಾದರೆ ಪ್ರಸಂಗ ಬರೆದವರೇ ಇಲ್ಲ. ಕೌರವ ಎದ್ದು ನಿಂತರೂ ನಿಂತ! ಆ ಆಸೆಯೇ ನೋಡುವವರನ್ನು ಕೂರಿಸಿಡುತ್ತದೆ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಸುಮಾರು ಜನ ತಿಳಿದುಕೊಂಡಿರುವುದು, ಗೆಲ್ಲುವ ತಂಡದ ಹಿಂದೆ ಜನ ಹೋಗುತ್ತಾರೆ ಎಂದು. ಸ್ವಲ್ಪ ನಿಜ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ರಾಬರ್ಟ್ ಚಿಯಾಲ್ಡಿನಿ ಮತ್ತು ಜೊತೆಗಾರರು ನೋಡಿದ ಪ್ರಕಾರ, ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದ ನಂತರದ ಸೋಮವಾರ ಕಾಲೇಜಿನ ಹೆಸರಿರುವ ಬಟ್ಟೆ ಹಾಕಿ ಬರುವವರು ಹೆಚ್ಚಾಗುತ್ತಿದ್ದರು. 1976ರ ಅಧ್ಯಯನ ಅದು. ಆದರೆ ಗೆಲುವಿಗೆ ಬಂದವರು ಸೋಲಿಗೆ ಹೋಗಿಬಿಡುತ್ತಾರೆ. ಉಳಿಯುವವರ ವಿಷಯವೇ ಬೇರೆ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್‌ಗಳ ಅಭಿಮಾನಿಗಳನ್ನು ಹೋಲಿಸಿದ ಸಂಶೋಧಕರಿಗೆ ಕಂಡದ್ದು, ಜಾಸ್ತಿ ಸೋಲುವ ಕ್ಲಬ್‌ನವರಲ್ಲೇ ಪರಸ್ಪರ ನಂಟು ಗಟ್ಟಿ. ಒಟ್ಟಿಗೆ ನೊಂದವರು ಒಟ್ಟಿಗೆ ಗೆದ್ದವರಿಗಿಂತ ಹತ್ತಿರವಾಗುತ್ತಾರೆ.

ಆರ್‌ಸಿಬಿಯನ್ನು ನೋಡಿ. 2009, 2011, 2016, ಮೂರು ಫೈನಲ್, ಮೂರೂ ಸೋಲು. ಪ್ರತಿ ವರ್ಷ ‘ಈ ಸಲ ಕಪ್ ನಮ್ದೇ’. ಪ್ರತಿ ವರ್ಷ ಬೇರೆ ತಂಡದವರ ನಗು. 2024ರಲ್ಲಿ ಸ್ಮೃತಿ ಮಂಧಾನ ಅವರ ಹೆಣ್ಣುಮಕ್ಕಳ ತಂಡ ಮೊದಲು ಕಪ್ ತಂದಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಎದುರು 6 ರನ್‌ಗಳ ಗೆಲುವು, ಕೊನೆಯ ಓವರ್ ಮುಗಿಯುವ ಮೊದಲೇ ಕೊಹ್ಲಿ ಕಣ್ಣಲ್ಲಿ ನೀರು. ಆ ರಾತ್ರಿ ಅತ್ತವರೆಲ್ಲ ಒಂದು ಟ್ರೋಫಿಗಾಗಿ ಅತ್ತರು ಎಂದು ನನಗೆ ಅನ್ನಿಸುವುದಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿದ್ದಾಗ ಅಣ್ಣನ ಜೊತೆ ನೋಡಿದ್ದು, ಹಾಸ್ಟೆಲಿನಲ್ಲಿ ಗೆಳೆಯರ ಜೊತೆ ನೋಡಿದ್ದು, ಈಗ ಇಲ್ಲದ ಅಪ್ಪನ ಪಕ್ಕ ಕೂತು ನೋಡಿದ್ದು, ಎಲ್ಲವೂ ಆ 18 ವರ್ಷದೊಳಗೆ ಸೇರಿದೆ. ನಿಮ್ಮನೆಯವರು ಊಟ ಬಿಡುವುದು ಆಟಗಾರರ ದುಡ್ಡಿಗಾಗಿ ಅಲ್ಲವೇ ಅಲ್ಲ. ತಮ್ಮ ಜೀವನದ ಇಷ್ಟು ಸಂಜೆಗಳನ್ನು ಅವರು ಅಲ್ಲಿ ಇಟ್ಟಿದ್ದಾರೆ.

ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಅಭಿಮಾನವೇ ತಪ್ಪು ಎಂದು ಆಗ ಬಹಳ ಮಂದಿ ಹೇಳಿದರು. ನಾನು ಒಪ್ಪುವುದಿಲ್ಲ. ಇಷ್ಟು ವರ್ಷ ಕಾದವರು ಖುಷಿಯನ್ನು ಒಟ್ಟಿಗೆ ಹಂಚಿಕೊಳ್ಳಲು ಹೋಗಿದ್ದರು. ಅಷ್ಟು ಜನ ಬಂದೇ ಬರುತ್ತಾರೆ ಎಂದು ಮೊದಲೇ ಅಂದಾಜು ಮಾಡಿ ದಾರಿ ಮಾಡಿಕೊಡಬೇಕಾದದ್ದು ಅವರ ಕೆಲಸವಾಗಿರಲಿಲ್ಲ.

ಇನ್ನೊಂದನ್ನು ನಿಮಗೇ ನೇರವಾಗಿ ಹೇಳಬೇಕು. ಸೋತ ದಿನ ಸುಮ್ಮನಿರುವುದು, ಬೇಸರ ಮಾಡಿಕೊಳ್ಳುವುದು ಬೇರೆ. ತಟ್ಟೆ ಎಸೆಯುವುದು, ಕೈ ಎತ್ತುವುದು ಬೇರೆ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗೆಲ್ಲಲೇಬೇಕಿದ್ದ ಊರಿನ ತಂಡ ಅನಿರೀಕ್ಷಿತವಾಗಿ ಸೋತ ದಿನ ಮನೆಯೊಳಗೆ ಗಂಡಸರು ಹೆಂಗಸರ ಮೇಲೆ ಮಾಡುವ ಹಲ್ಲೆ ಸುಮಾರು ಶೇಕಡಾ 10ರಷ್ಟು ಏರಿತ್ತು. ಇದಕ್ಕೆ ಅಭಿಮಾನ ನೆಪವಾಗಬಾರದು. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಸಹಿಸಿಕೊಂಡು ಕೂರಬೇಡಿ, ಹೇಳಿಕೊಳ್ಳಿ, ಮಹಿಳಾ ಸಹಾಯವಾಣಿ 181 ಇದೆ. ಬೆಟ್ಟಿಂಗ್ ಇದ್ದರೆ ಅದೂ ಬೇರೆಯೇ ಕಥೆ. ಸೋತ ರಾತ್ರಿ ಅವರು ಸ್ಕೋರಿನ ಬದಲು ಸಾಲದ ಮಾತು ಆಡುತ್ತಿದ್ದರೆ ಕೂಡಲೇ ಕೂತು ವಿಚಾರಿಸಿ.

ಇದ್ಯಾವುದೂ ಇಲ್ಲ, ಬರೀ ಮೌನ ಎಂದಾದರೆ ಒಂದರ್ಧ ಗಂಟೆ ಬಿಟ್ಟುಬಿಡಿ. ‘ಆಟ ತಾನೇ’ ಎನ್ನಬೇಡಿ, ಅದು ಉರಿಯುವುದಕ್ಕೆ ಎಣ್ಣೆ ಹಾಕಿದ ಹಾಗೆ. ಎಲ್ಲಿ ಕೈತಪ್ಪಿತು ಎಂದು ಕೇಳಿ ನೋಡಿ, ತಾವಾಗೇ ಮಾತಿಗೆ ಬರುತ್ತಾರೆ, ಮಾತಿನ ನಡುವೆ ಊಟವೂ ಆಗುತ್ತದೆ. ಮಗನನ್ನು ಮಾತ್ರ ಟಿವಿ ಎದುರಿಗೇ ಬಿಡಬೇಡಿ. ಮಣಕಿ ಮೈದಾನಕ್ಕೋ ಹತ್ತಿರದ ವಾಲಿಬಾಲ್ ಕೋರ್ಟಿಗೋ ಸಂಜೆ ಕಳಿಸಿ. ಅವನೇ ಆಡಿ, ಅವನೇ ಸೋತು ಬಂದ ದಿನ ಅಪ್ಪನ ಹತ್ತಿರ ಹೇಳಿಕೊಳ್ಳಲು ಅವನಿಗೂ ಒಂದು ಪಂದ್ಯ ಇರುತ್ತದೆ.