ಸೆಮಿನಾರಿನಲ್ಲಿ ಸುಮ್ಮನೆ ಕೂತವರು

2023-24ರಲ್ಲಿ ಅಮೆರಿಕದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ 3 ಲಕ್ಷ 31 ಸಾವಿರಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳಿದ್ದರು. ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಆ ವರ್ಷ ನಮ್ಮವರದೇ ದೊಡ್ಡ ಗುಂಪು. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಎಂ.ಎಸ್. ಮಾಡಲು ಹೋದ ಮಕ್ಕಳೂ ಅದರಲ್ಲಿ ಸೇರಿದ್ದಾರೆ. ವೀಸಾ, ಬಾಡಿಗೆ, ಚಳಿ, ಊಟ ಇವಕ್ಕೆಲ್ಲ ತಯಾರಾಗಿಯೇ ಹೋಗುತ್ತಾರೆ. ಆದರೆ ಅಲ್ಲಿ ಅನೇಕ ಕೋರ್ಸುಗಳಲ್ಲಿ ಕ್ಲಾಸಿನಲ್ಲಿ ಬಾಯಿಬಿಟ್ಟು ಮಾತಾಡುವುದಕ್ಕೂ ಅಂಕ ಇರುತ್ತದೆ. ಅದಕ್ಕೆ ತಯಾರಿ ಮಾಡಿಕೊಂಡು ಹೋಗುವವರು ಕಡಿಮೆ.

ಎಂಟು ಹತ್ತು ಜನ ಮೇಜಿನ ಸುತ್ತ ಕೂತಿರುವ ಒಂದು ಸೆಮಿನಾರ್ ಕ್ಲಾಸನ್ನು ಊಹಿಸಿಕೊಳ್ಳಿ. ಪ್ರೊಫೆಸರ್ ಪ್ರಶ್ನೆ ಕೇಳುತ್ತಾರೆ. ಅಮೆರಿಕದ ಹುಡುಗ ಯೋಚನೆ ಅರ್ಧದಲ್ಲಿರುವಾಗಲೇ ಶುರು ಮಾಡುತ್ತಾನೆ. ಮಾತಾಡ್ತಾ ಮಾತಾಡ್ತಾ ಅವನ ವಾದ ಗಟ್ಟಿಯಾಗುತ್ತದೆ. ಧಾರವಾಡದ ಹುಡುಗಿ ಉತ್ತರವನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾಳೆ. ಇನ್ನೇನು ಹೇಳಬೇಕು ಅನ್ನುವಷ್ಟರಲ್ಲಿ ಚರ್ಚೆ ಎಲ್ಲೋ ಹೋಗಿರುತ್ತದೆ. ಇವಳು ಏನೂ ಓದದೆ ಬಂದಿದ್ದಾಳೆ ಅಂತ ಅವನಿಗೆ ಅನ್ನಿಸುತ್ತದೆ. ಇವನು ಸುಮ್ನೆ ಬಾಯಿಗೆ ಬಂದದ್ದು ಹೇಳ್ತಾನೆ ಅಂತ ಅವಳಿಗೆ. ಇಬ್ಬರ ತೀರ್ಪೂ ತಪ್ಪು.

ಮನೋವಿಜ್ಞಾನಿ ಹೀಜಂಗ್ ಕಿಮ್ 2002ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಅವರು ವಿದ್ಯಾರ್ಥಿಗಳಿಗೆ ಚಿತ್ರದ ಒಗಟುಗಳನ್ನು ಕೊಟ್ಟರು. ಸಾಲಾಗಿ ಆಕೃತಿಗಳಿರುತ್ತವೆ, ಒಂದು ಜಾಗ ಖಾಲಿ ಇರುತ್ತದೆ, ಅಲ್ಲಿಗೆ ಯಾವುದು ಹೊಂದುತ್ತದೆ ಎಂದು ಹುಡುಕಬೇಕು. ಬ್ಯಾಂಕ್ ಪರೀಕ್ಷೆಗೆ ಓದಿದವರಿಗೆ ಈ ಬಗೆಯ ಒಗಟು ಚೆನ್ನಾಗಿ ಗೊತ್ತು. ಕೆಲವನ್ನು ಮೌನವಾಗಿ ಬಿಡಿಸಬೇಕಿತ್ತು. ಇನ್ನು ಕೆಲವನ್ನು, ತಲೆಯಲ್ಲಿ ಏನು ಓಡುತ್ತಿದೆಯೋ ಅದನ್ನು ಜೋರಾಗಿ ಹೇಳುತ್ತಾ ಬಿಡಿಸಬೇಕಿತ್ತು. ಯುರೋಪ್ ಮೂಲದ ಅಮೆರಿಕನ್ ವಿದ್ಯಾರ್ಥಿಗಳಿಗೆ ಇದರಿಂದ ಏನೂ ತೊಂದರೆ ಆಗಲಿಲ್ಲ. ಪೂರ್ವ ಏಷ್ಯಾ ಮೂಲದವರು ಮಾತ್ರ ಹೇಳುತ್ತಾ ಬಿಡಿಸುವಾಗ ಹಿಂದೆ ಬಿದ್ದರು. ಇವರೂ ಅಮೆರಿಕದಲ್ಲೇ ಬೆಳೆದವರು, ಹಾಗಾಗಿ ಇಂಗ್ಲಿಷ್ ಬರದೆ ತಡವರಿಸಿದರು ಅನ್ನುವ ಹಾಗಿಲ್ಲ. ಮನಸ್ಸಿನೊಳಗೆ ಮಾತಾಡಿಕೊಂಡು ಯೋಚಿಸುವುದು ಇವರಲ್ಲಿ ಕಡಿಮೆ ಎಂದು ಕಿಮ್ ಕಂಡುಕೊಂಡರು. ಯೋಚನೆಯನ್ನು ಮಾತಿಗೆ ಇಳಿಸುವುದೇ ಇವರಿಗೆ ಮತ್ತೊಂದು ಕೆಲಸ. ಮಾತಾಡು ಮಾತಾಡು ಎಂದು ಒತ್ತಾಯಿಸಿದರೆ ಕೆಲವರ ಬುದ್ಧಿಗೆ ಅಡ್ಡಿಯೇ ಜಾಸ್ತಿ. ಕ್ಲಾಸಿನ ಮಾತಿಗೆ ಅಂಕ ಹಾಕುವ ಪ್ರತಿಯೊಬ್ಬ ಅಧ್ಯಾಪಕರೂ ಇದನ್ನು ಓದಬೇಕು ಅಂತ ನನ್ನ ಅನಿಸಿಕೆ.

ಆದರೆ ಈ ಫಲಿತಾಂಶವನ್ನು ಹಾಗೇ ತಂದು ಧಾರವಾಡದ ಹುಡುಗಿಗೆ ಅಂಟಿಸಲು ಆಗುವುದಿಲ್ಲ. ಗೆಳತಿಯರ ಜೊತೆ ಕ್ಯಾಂಟೀನಿನಲ್ಲಿ ಕೂತಾಗ ಅವಳನ್ನು ನೋಡಬೇಕು. ಒಬ್ಬಳ ಮಾತು ಮುಗಿಯುವ ಮೊದಲೇ ಇನ್ನೊಬ್ಬಳದು ಶುರು! ಅವಳನ್ನು ಕಟ್ಟಿಹಾಕುವುದು ಎದುರಿಗಿರುವವರ ಸ್ಥಾನ. ಮೇಷ್ಟ್ರು ಒಳಗೆ ಬಂದರೆ ಎದ್ದು ನಿಂತು, ಸರ್, ಮಿಸ್ ಎಂದು ಕರೆದು ಬೆಳೆದವಳು ಅವಳು. ಸರ್ ಹೇಳಿದ್ದು ತಪ್ಪು ಅಂತ ಎಲ್ಲರೆದುರು ಹೇಳುವುದು ಅವಳ ಮಟ್ಟಿಗೆ ಅಧಿಕಪ್ರಸಂಗ. ಅದೇ ಪ್ರಶ್ನೆಯನ್ನು ಕ್ಲಾಸ್ ಮುಗಿದ ಮೇಲೆ ಕಾರಿಡಾರಿನಲ್ಲಿ ಹಿಂದೆ ಹೋಗಿ ಕೇಳುತ್ತಾಳೆ. ಅಷ್ಟು ಹೊತ್ತಿಗೆ ಅಂಕದ ಲೆಕ್ಕ ಮುಗಿದಿರುತ್ತದೆ.

ಮೇಲಿನವರ ಅಧಿಕಾರವನ್ನು ಜನ ಎಷ್ಟರ ಮಟ್ಟಿಗೆ ಸಹಜ ಎಂದು ಒಪ್ಪಿಕೊಂಡಿದ್ದಾರೆ ಎಂಬುದನ್ನು ನೆದರ್ಲೆಂಡ್ಸ್‌ನ ಸಮಾಜ ಮನೋವಿಜ್ಞಾನಿ ಗೀರ್ಟ್ ಹಾಫ್‌ಸ್ಟೆಡ್ ಅಂಕಿಗಳಲ್ಲಿ ಹಿಡಿಯಲು ನೋಡಿದರು. ಅಂಕಿ ದೊಡ್ಡದಾದಷ್ಟೂ ಆ ಒಪ್ಪಿಗೆ ಹೆಚ್ಚು. ಅವರ ಪಟ್ಟಿಯಲ್ಲಿ ಭಾರತಕ್ಕೆ 77, ಅಮೆರಿಕಕ್ಕೆ 40, ಡೆನ್ಮಾರ್ಕ್‌ಗೆ 18. ಆದರೆ ಈ ಅಂಕಿಗಳಿಗೆ ಆಧಾರ 1967ರಿಂದ 1973ರವರೆಗೆ ಐಬಿಎಂ ಎಂಬ ಒಂದೇ ಕಂಪನಿಯ ನೌಕರರು ತುಂಬಿದ ಪ್ರಶ್ನಾವಳಿ. ದೇಶದ ಸರಾಸರಿ ಹಿಡಿದು ಒಬ್ಬ ವಿದ್ಯಾರ್ಥಿಯನ್ನು ಅಳೆಯುವುದು ಅನ್ಯಾಯ. ಮಂಗಳೂರಿನ ಡಾಕ್ಟರ ಮಗನಿಗೂ ರಾಯಚೂರಿನ ಹಳ್ಳಿಯಿಂದ ಮೊದಲ ಬಾರಿ ಕಾಲೇಜು ಕಂಡವನಿಗೂ ಒಂದೇ ಅಂಕಿ ಹೇಗೆ ಸರಿಹೋದೀತು?

ಮಾತಿನ ಸರದಿಯ ವೇಗವೂ ಇದೆ. 2009ರಲ್ಲಿ ಮಾತುಕತೆಯ ಸಂಶೋಧಕಿ ತಾನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರು 10 ಭಾಷೆಗಳಲ್ಲಿ ಹೌದು-ಇಲ್ಲ ಪ್ರಶ್ನೆಗೆ ಉತ್ತರ ಬರಲು ಎಷ್ಟು ಹೊತ್ತು ಬೇಕು ಎಂದು ಅಳೆದರು. ಒಟ್ಟಾರೆ ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗ. ಎಲ್ಲರಿಗಿಂತ ಬೇಗ ಉತ್ತರಿಸಿದವರು ಜಪಾನಿನವರು, ಹೆಚ್ಚುಕಡಿಮೆ ಸಮಯವೇ ಬಿಡದೆ! ಮೌನಕ್ಕೆ ಹೆಸರಾದ ಜನ ಅಲ್ವಾ ಅವರು? ಎಲ್ಲರಿಗಿಂತ ನಿಧಾನ ಡೆನ್ಮಾರ್ಕಿನವರು, ಅದೂ ಅರ್ಧ ಸೆಕೆಂಡಿನೊಳಗೆ. ಮಾತು ಮಾತಿನ ನಡುವೆ ಸಿಗುವ ಜಾಗ ಎಷ್ಟು ಕಿರಿದು ನೋಡಿ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟುವವರಿಗೆ ಅದು ಸಾಲುವುದೇ ಇಲ್ಲ.

ಕಾಯುವ ಕಡೆಯವರಿಗೂ ಕಷ್ಟ ಇದೆ. ನೆದರ್ಲೆಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಒಂದು ಮಾತುಕತೆಯ ವಿಡಿಯೋ ತೋರಿಸಿ, ಅದರಲ್ಲಿ ನೀವೂ ಇದ್ದೀರಿ ಅಂದುಕೊಳ್ಳಿ ಎಂದರು. ನಡುವೆ ಬರೀ 4 ಸೆಕೆಂಡು ಮೌನ ಬಂದರೆ ಸಾಕು, ನೋಡಿದವರಿಗೆ ತಮ್ಮನ್ನು ಗುಂಪು ದೂರ ಇಟ್ಟಿದೆ ಅನ್ನಿಸುತ್ತಿತ್ತು. ಈಗ ಧಾರವಾಡದ ಹುಡುಗಿಯ ಪ್ರಾಜೆಕ್ಟ್ ಗುಂಪನ್ನು ನೋಡಿ. ಅವಳು ಯೋಚಿಸಲು ತೆಗೆದುಕೊಂಡ ನಾಲ್ಕು ಸೆಕೆಂಡನ್ನು ಪಕ್ಕದವನು ಮುನಿಸು ಅಂದುಕೊಳ್ಳಬಹುದು.

ಇದಕ್ಕೆ ಕಾಸು ಖರ್ಚಿಲ್ಲದ ಒಂದು ಉಪಾಯ 1970ರ ದಶಕದಲ್ಲೇ ಸಿಕ್ಕಿದೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಪ್ರಾಥಮಿಕ ಶಾಲೆಗಳ ವಿಜ್ಞಾನ ಪಾಠಗಳನ್ನು ರೆಕಾರ್ಡ್ ಮಾಡಿ ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಗೊತ್ತಿಲ್ಲ ಅನ್ನುವುದು ಕಡಿಮೆಯಾಯಿತು. ಸದಾ ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ತೆರೆದರು. ಹಿಂದುಳಿದವರು ಅಂತ ತಾವೇ ಗುರುತು ಹಾಕಿದ್ದ ಮಕ್ಕಳ ಬಗ್ಗೆ ಶಿಕ್ಷಕರ ಅಭಿಪ್ರಾಯವೂ ಬದಲಾಯಿತು.